ಮನೆಯಲ್ಲಿ ಒಬ್ಬರು

ಮನೆಯಿಂದ,
ಹದಿನಾಲ್ಕನೇ ತಾರೀಖು, ಮಂಗಳವಾರ

ಅಕ್ಕರೆಯ ಪುಟ್ಟೀ,

ನಿನ್ನ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಿ ಇಳಿಯುವುದು ಕಡಿಮೆ ಮಾಡು ಎಂದರೆ ನೀನು ಕೇಳುವವಳಲ್ಲ. ನಾನಿದ್ದೇನೆ. ನಿನ್ನ ಅತ್ತಿಗೆ ಹೋಗಿ ಏಳು ತಿಂಗಳಾಯಿತು. ಪೇಪರಿನಲ್ಲಿ ತಪ್ಪು ಸಿಕ್ಕರೆ ಈಗಲೂ ಅಡುಗೆಮನೆಯ ಕಡೆಗೆ ಕೂಗಿ ಹೇಳುತ್ತೇನೆ, ಆಮೇಲೆ ಪೇಪರು ಮಡಚಿಡುತ್ತೇನೆ. ನಿದ್ರೆ ಎರಡು ಗಂಟೆ, ಊಟ ನಾಲ್ಕು ತುತ್ತು.

ಕೊನೆಗೆ ಮನೋವೈದ್ಯೆಯೊಬ್ಬರ ಬಳಿ ಹೋದೆ. ಮಾತ್ರೆಗಳ ವಿರುದ್ಧ ಓದಿದ ಪುಸ್ತಕಗಳನ್ನೆಲ್ಲ ಬೆನ್ನಿಗಿಟ್ಟುಕೊಂಡು, ಜಗಳಕ್ಕೆ ಸಿದ್ಧನಾಗಿಯೇ ಹೋಗಿದ್ದೆ. ಅಮ್ಮನದು ನೆನಪಿದೆಯಲ್ಲ: ನಿದ್ರೆಗೊಂದು ಮಾತ್ರೆ, ಅದು ತಂದ ನಡುಕಕ್ಕೆ ಇನ್ನೊಂದು, ಅದರಿಂದ ಕಟ್ಟಿದ ಹೊಟ್ಟೆಗೆ ಮತ್ತೊಂದು. ಒಂಬತ್ತು ವರ್ಷ, ಪ್ರತಿ ಚೀಟಿಯಲ್ಲೂ ‘ಅದೇ ಮುಂದುವರಿಸಿ’. ಯಾಕೆ ಮುಂದುವರಿಸಬೇಕು ಎಂದು ಒಬ್ಬ ಡಾಕ್ಟರಾದರೂ ಯೋಚಿಸಿದರೇ? ಅಂಗಿಗಳಿಗೆ ಕಾಜಾ ಹೊಲಿಯುತ್ತಿದ್ದ ಕೈಯಲ್ಲಿ ನೀರಿನ ಲೋಟ ನಿಲ್ಲದಾಯಿತು. ‘ನಿದ್ದೆ ಬರುತ್ತಪ್ಪ, ಎಚ್ಚರಾನೇ ಬರಲ್ಲ’ ಎನ್ನುತ್ತಿದ್ದಳು. ಆ ಸಿಟ್ಟು ನನ್ನಲ್ಲಿ ಇನ್ನೂ ಆರಿಲ್ಲ.

ಈ ಡಾಕ್ಟರು ಮೊದಲು ಒಂದು ಪ್ರಶ್ನಾವಳಿ ಕೊಟ್ಟರು. ನಲವತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದ ಕೈ ಸುಮ್ಮನಿರುತ್ತದೆಯೇ, ಆರು ಅಕ್ಷರತಪ್ಪು ಗುರುತು ಹಾಕಿ ಹಿಂದಿರುಗಿಸಿದೆ. ‘ತಿದ್ದಿದ್ದೆಲ್ಲ ಸರಿಯಾಗಿದೆ ಸಾರ್, ಉತ್ತರ ಎಲ್ಲಿ?’ ಎಂದರು. ಆಮೇಲೆ ಮುಕ್ಕಾಲು ಗಂಟೆ ಮಾತಾಡಿಸಿದರು, ರಕ್ತಪರೀಕ್ಷೆಗೆ ಬರೆದರು, ಮಾತ್ರೆ ಮಾತ್ರ ಕೊಡಲಿಲ್ಲ. ‘ದುಃಖ ಇದೆ, ಕಾಯಿಲೇನೂ ಇರಬಹುದು. ಎರಡು ವಾರ ನೋಡೋಣ. ಬೇಕೇ ಬೇಕು ಅನ್ನಿಸಿದ್ರೆ ಒಂದೇ ಮಾತ್ರೆ, ಚಿಕ್ಕ ಪ್ರಮಾಣ. ಯಾವಾಗ ನಿಲ್ಲಿಸೋ ಯೋಚನೆ ಮಾಡ್ಬೇಕು ಅಂತಾನೂ ಮೊದಲೇ ಬರೆದಿಟ್ಟು ಶುರು ಮಾಡೋಣ. ಆದ್ರೆ ಮೊದಲ ವಾರಗಳಲ್ಲಿ ನಿಮ್ಮನ್ನ ಗಮನಿಸೋರು ಮನೇಲಿ ಒಬ್ಬರಾದ್ರೂ ಇರಬೇಕು’ ಎಂದರು. ಮಾತ್ರೆ ಬರೆಯುವವರನ್ನು ಜೀವನವಿಡೀ ಬೈದವನು, ಬರೆಯದವರ ಮೇಲೂ ರೇಗಿ ಎದ್ದು ಬಂದೆ. ಬೀದಿ ದಾಟುವಷ್ಟರಲ್ಲಿ ಹೊಳೆಯಿತು, ಅಮ್ಮನಿಗೆ ಸಿಗಬೇಕಿದ್ದ ಡಾಕ್ಟರು ಇವರು.

ನಿನ್ನ ಯಜಮಾನರಿಗೆ ನಮಸ್ಕಾರ ತಿಳಿಸು. ಮಕ್ಕಳ ತಲೆಯ ಮೇಲೆ ನನ್ನ ಪರವಾಗಿ ಒಮ್ಮೆ ಕೈಯಿಡು.

ನಿನ್ನ
ದೊಡ್ಡಣ್ಣ

ತಾ.ಕ.: ಮನೆಯಲ್ಲಿ ಯಾರಿದ್ದಾರೆ ಎಂದು ಅವರು ಕೇಳಿದಾಗ ‘ತಂಗಿ ಇದ್ದಾಳೆ’ ಎಂದುಬಿಟ್ಟೆ. ನಿನ್ನ ನಂಬರು ಕೊಟ್ಟಿದ್ದೇನೆ, ಸೋಮವಾರ ಫೋನ್ ಮಾಡುತ್ತಾರಂತೆ. ನನಗೋಸ್ಕರ ನೀನು ಸುಳ್ಳು ಹೇಳಬೇಡ. ಭಾನುವಾರವೇ ನೀನು ಇಲ್ಲಿಗೆ ಬಂದುಬಿಟ್ಟರೆ, ಹೇಳಬೇಕಾಗಿಯೂ ಇಲ್ಲ.