ಎರಡನೆಯ ಹಾಳೆ ನಿಮ್ಮದು

ಸೋಮವಾರ, ಮಧ್ಯಾಹ್ನ
ಹೊಲಿಗೆ ಅಂಗಡಿಯಿಂದ

ನನ್ನವರಿಗೆ,

ಫೋನಿರುವಾಗ ಇವಳಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದುಕೊಳ್ಳುತ್ತೀರಿ. ಫೋನಿನಲ್ಲಾದರೆ ನಾನು ಮತ್ತೆ ಸುಳ್ಳು ಹೇಳುತ್ತೇನೆ, ಅದಕ್ಕೆ. ಮುಂದಿನ ಬಂದರಿನಲ್ಲಿ ಹಡಗು ನಿಂತಾಗ ಇದನ್ನು ನಿಮಗೆ ತಲುಪಿಸುತ್ತೇವೆ ಎಂದು ನಿಮ್ಮ ಕಂಪನಿಯ ಕಚೇರಿಯವರು ಹೇಳಿದ್ದಾರೆ. ಎಂಜಿನ್ ಕೋಣೆಯ ಗದ್ದಲದಲ್ಲಿ ಓದಬೇಡಿ, ಒಂದು ಕಡೆ ಕೂತು ಓದಿ.

ನಮ್ಮ ಚೋಟುವಿನ ಮಾತು ಸರಿಯಿಲ್ಲ. ಇಷ್ಟು ಬರೆಯುವುದಕ್ಕೆ ಎರಡು ಹಾಳೆ ಹರಿದು ಹಾಕಿದೆ.

ಅವಳಿಗೆ ನಾಲ್ಕು ತುಂಬಿ ಎರಡು ತಿಂಗಳಾಯಿತು. ಮೊನ್ನೆಮೊನ್ನೆಯವರೆಗೂ ಬೆಳಗಿನಿಂದ ಸಂಜೆಯವರೆಗೆ ವಟಗುಟ್ಟುತ್ತಿದ್ದಳು, ಆದರೆ ನನ್ನನ್ನು ಬಿಟ್ಟರೆ ಯಾರಿಗೂ ಅದು ತಿಳಿಯುತ್ತಿರಲಿಲ್ಲ. ಕ, ಗ ಎರಡೂ ಅವಳ ನಾಲಿಗೆಗೆ ಬರುವುದಿಲ್ಲ. ಉದ್ದದ ಪದವಾದರೆ ಅರ್ಧ ಬಾಯೊಳಗೇ ಉಳಿಯುತ್ತದೆ. ಹಡಗಿಗೆ ವಿಡಿಯೊ ಸಿಗದೆ ಬರೀ ದನಿ ಕೇಳುವ ನಿಮಗೆ, ನಾನು ಪಕ್ಕದಲ್ಲೇ ಕೂತು 'ಪಾರ್ಕಿಗೆ ಹೋಗಿದ್ಳಂತೆ', 'ನಾಯಿಮರಿ ನೋಡಿದ್ಳಂತೆ' ಎಂದು ಹೇಳುತ್ತಿದ್ದೆನಲ್ಲ, ಮಗುವಿಗೂ ಮಾತಾಡಲು ಬಿಡದ ಬಾಯಿಬಡುಕಿ ಎಂದು ನೀವು ರೇಗಿಸುತ್ತಿದ್ದಿರಿ. ನಾನು ಹೆದರಿಕೊಂಡು ಮಾತಾಡುತ್ತಿದ್ದೆ. ನಿಮಗೆ ಎಲ್ಲಿ ಗೊತ್ತಾಗಿಬಿಡುತ್ತದೋ ಎಂಬ ಹೆದರಿಕೆ. ನೀವು ಫೋನ್ ಮಾಡುವ ಮುಂಚೆ ಅವಳಿಗೆ 'ಅಪ್ಪಾ, ಊಟ ಆಯ್ತಾ' ಎಂದು ಬಾಯಿಪಾಠ ಮಾಡಿಸುತ್ತಿದ್ದೆ. ಅದರಲ್ಲಿ ಅವಳಿಗೆ ಕಷ್ಟದ ಅಕ್ಷರ ಒಂದೂ ಇಲ್ಲ. ಹುಡುಕಿ ಆರಿಸಿದ್ದೆ.

ನಿಮ್ಮಮ್ಮನಿಗೆ ಹೇಳಿದರೆ, 'ನಿನ್ ಗಂಡ ಸರಿಯಾಗಿ ಬಾಯಿ ಬಿಟ್ಟಿದ್ದೇ ಐದು ವರ್ಷಕ್ಕೆ, ಸುಮ್ನಿರೇ' ಎಂದು ನಕ್ಕರು. ನನಗೂ ಆ ಮಾತೇ ಬೇಕಾಗಿತ್ತು. ಅದನ್ನೇ ಹಿಡಿದುಕೊಂಡು ಒಂದು ವರ್ಷ ದೂಡಿದೆ. ಶಿಶುವಿಹಾರದ ಮಿಸ್ಸು ಎರಡು ಸಲ ಕರೆದು ಹೇಳಿದಾಗ, ಅವರಿಗೇ ಕಿವಿ ಮಂದ ಇರಬೇಕು ಎಂದುಕೊಂಡು ಮನೆಗೆ ಬಂದೆ.

ಮೂರು ವಾರದ ಹಿಂದಿನ ಶನಿವಾರ, ಗಿರಾಕಿಯೊಬ್ಬರ ಕೋಟಿಗೆ ಹೊಂದುವ ದಾರ ತರಲು ಮೂರಂತಸ್ತಿನ ಬಟ್ಟೆ ಮಳಿಗೆಗೆ ಅವಳನ್ನೂ ಕರೆದುಕೊಂಡು ಹೋಗಿದ್ದೆ. ಕಿಟಕಿಯ ಬೆಳಕಿಗೆ ದಾರ ಹಿಡಿದು ಬಣ್ಣ ನೋಡಲು ಅವಳ ಕೈ ಬಿಟ್ಟೆ. ತಿರುಗಿ ನೋಡಿದರೆ ಮಗು ಇಲ್ಲ. ರಾಶಿರಾಶಿ ಬಟ್ಟೆಯ ನಡುವೆ ಹುಚ್ಚಿಯಂತೆ ಓಡಾಡಿದೆ. ಅಷ್ಟರಲ್ಲಿ ಮೈಕಿನಲ್ಲಿ ಕೂಗಿದರು. ಹಸಿರು ಸ್ವೆಟರಿನ ಹೆಣ್ಣುಮಗು ಸಿಕ್ಕಿದೆ, ಹೆಸರು ಹೇಳಲು ಬರುವುದಿಲ್ಲ, ಮನೆಯವರು ಕೆಳಗಿನ ಕೌಂಟರಿಗೆ ಬನ್ನಿ ಎಂದು.

ಅದನ್ನು ಕೇಳಿಸಿಕೊಂಡೂ ನಾನು ಮೇಲಿನ ಮಹಡಿಗೆ ಓಡಿದೆ. ನನ್ನ ಮಗಳಿಗೆ ಹೆಸರು ಹೇಳಲು ಬರುತ್ತದಲ್ಲ! ತನ್ನ ಹೆಸರು, ನಿಮ್ಮ ಹೆಸರು, ಬೀದಿಯ ಹೆಸರು ಎಲ್ಲವನ್ನೂ ನಾನೇ ಕಲಿಸಿದ್ದೇನೆ. ಹಸಿರು ಸ್ವೆಟರ್ ಎಂದದ್ದೂ ತಲೆಗೆ ಹೋಗಲಿಲ್ಲ. ಯಾರದೋ ಮಗು, ಪಾಪ, ಎಂದುಕೊಂಡೆ. ಮೂರನೆಯ ಸಲ ಕೂಗಿದಾಗ, ಬೆಳಿಗ್ಗೆ ಅವಳಿಗೆ ಹಸಿರು ಸ್ವೆಟರ್ ಹಾಕಿದ್ದು ನೆನಪಾಗಿ ಮೆಟ್ಟಿಲಿಳಿದು ಓಡಿದೆ.

ಕೌಂಟರಿನ ಮೇಲೆ ಕೂತಿದ್ದಳು. ಅಳುತ್ತಿರಲಿಲ್ಲ. ಪಕ್ಕದಲ್ಲಿದ್ದ ಕಾವಲುಗಾರ ಒಳ್ಳೆಯ ಮನುಷ್ಯ. 'ಇಪ್ಪತ್ತು ಸಲ ಏನೋ ಹೇಳ್ತು ಮೇಡಂ, ನಂಗೊಂದೂ ಗೊತ್ತಾಗ್ಲಿಲ್ಲ. ಆಮೇಲೆ ಹೇಳೋದೇ ಬಿಟ್ಬಿಡ್ತು' ಎಂದ. ಆ ಕೊನೆಯ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಸೋಮವಾರವೇ ಆಸ್ಪತ್ರೆಗೆ ಹೋದೆ. ಮೊದಲು ಕಿವಿಯ ಪರೀಕ್ಷೆ. ಗಾಜಿನ ಕೋಣೆಯಲ್ಲಿ ಅವಳನ್ನು ಕೂರಿಸಿದ್ದಾಗ ನಾನು ಯಾವ್ಯಾವ ದೇವರಿಗೆ ಏನೇನು ಹೇಳಿಕೊಂಡೆನೋ. ಕಿವಿ ಚೆನ್ನಾಗಿದೆ. ಆಮೇಲೆ ಸ್ಪೀಚ್ ಥೆರಪಿಗೆ ಕಳಿಸಿದರು.

ಸಣ್ಣ ಕೋಣೆ, ಗಿಡ್ಡ ಮೇಜು, ಗೋಡೆಗೊಂದು ಕನ್ನಡಿ. ಥೆರಪಿಸ್ಟ್ ಹೆಚ್ಚುಕಮ್ಮಿ ನನ್ನ ವಯಸ್ಸಿನವರೇ. ಚೋಟುವಿಗೆ ಒಂದೊಂದೇ ಚಿತ್ರ ತೋರಿಸಿ ಇದೇನು ಎಂದು ಕೇಳುತ್ತ ಹೋದರು. ಅವಳು ಹೇಳುವುದು, ಹಿಂದೆಯೇ ನಾನು ಬಿಡಿಸಿ ಹೇಳುವುದು. ಆರನೆಯ ಚಿತ್ರಕ್ಕೆ ಅವರು ಎದ್ದು ಬಂದು, 'ಸ್ವಲ್ಪ ಹೊತ್ತು ಗೋಡೆ ಕಡೆ ತಿರುಗಿ ಕೂತ್ಕೊಳ್ತೀರಾ?' ಎಂದರು. ಶಾಲೆಯಲ್ಲಿ ಗಲಾಟೆ ಮಾಡಿದವಳ ಹಾಗೆ ತಿರುಗಿ ಕೂತೆ. ಆಗ ಒಂದು ಸಂಗತಿ ನಡೆಯಿತು. ಅವಳ ಮುಖ, ಕೈ ಕಾಣದೆ ದನಿ ಮಾತ್ರ ಕೇಳಿದಾಗ ಅರ್ಧಕ್ಕರ್ಧ ನನಗೂ ತಿಳಿಯಲಿಲ್ಲ. ಇಷ್ಟು ವರ್ಷ ಇವಳ ಮಾತು ಬಲ್ಲವಳು ನಾನೊಬ್ಬಳೇ ಎಂದು ಒಳಗೊಳಗೇ ಬೀಗುತ್ತಿದ್ದೆ.

'ನಾಲ್ಕು ವರ್ಷಕ್ಕೆ ಹೊರಗಿನವರಿಗೂ ಬಹುತೇಕ ಎಲ್ಲಾ ಅರ್ಥ ಆಗ್ಬೇಕು. ಇದು ಸರಿಹೋಗತ್ತೆ, ಆದ್ರೆ ಇನ್ನು ಮುಂದೂಡ್ಬೇಡಿ' ಎಂದರು. ವಾರಕ್ಕೆರಡು ದಿನ ಹೋಗಬೇಕು, ಮನೆಯಲ್ಲಿ ದಿನಾ ಹತ್ತು ನಿಮಿಷ ಕನ್ನಡಿಯ ಮುಂದೆ ಅಭ್ಯಾಸ.

ಅವಳ ಮಾತು ಎಷ್ಟು ತಿಳಿಯುತ್ತದೆ ಎಂದು ಬರೆಯಲು ಅವರು ಎರಡು ಹಾಳೆ ಕೊಟ್ಟಿದ್ದಾರೆ. ಮೊದಲನೆಯದು ಮಗುವಿನ ಜೊತೆ ಇರುವವರು ತುಂಬಬೇಕಾದದ್ದು. ಅದರಲ್ಲಿ 'ಎಲ್ಲ ಅರ್ಥವಾಗುತ್ತದೆ' ಎಂದು ಬರೆದು, ಹೊಡೆದು ಹಾಕಿ, 'ಮುಖ ನೋಡಿದರೆ ಮಾತ್ರ' ಎಂದು ಬರೆದಿದ್ದೇನೆ. ಎರಡನೆಯದು ಜೊತೆಯಲ್ಲಿಲ್ಲದೆ ಆಗಾಗ ಅವಳ ಮಾತು ಕೇಳುವವರಿಗೆ. ಅದು ನಿಮ್ಮದು, ಇದರ ಜೊತೆಗೇ ಇಟ್ಟಿದ್ದೇನೆ. ತಂದೆಯನ್ನು ಆ ಸಾಲಿಗೆ ಸೇರಿಸಿದಳಲ್ಲ ಎಂದು ಬೇಜಾರು ಮಾಡಿಕೊಳ್ಳಬೇಡಿ. ನನ್ನನ್ನು ಸಮಾಧಾನಪಡಿಸಲು ಮಾತ್ರ ಏನೂ ಬರೆಯಬೇಡಿ. ನಾನು ಪಕ್ಕದಲ್ಲಿಲ್ಲದಾಗ ನಿಮಗೆ ಎಷ್ಟು ತಿಳಿದಿದೆಯೋ ಅಷ್ಟೇ ಬರೆದು ಕಳಿಸಿ.

ನನಗೆ ಭಯವಾಗುತ್ತಿದೆ. ಆ ಶನಿವಾರದಿಂದ ಅವಳು ಮಾತು ಕಮ್ಮಿ ಮಾಡಿದ್ದಾಳೆ. ನೀರು ಬೇಕಾದರೆ ಲೋಟ ತಂದು ನನ್ನ ಕೈಗೆ ಕೊಡುತ್ತಾಳೆ. ಉಚ್ಚಾರ ತಿದ್ದಬಹುದಂತೆ. ಮಾತಾಡುವ ಆಸೆಯೇ ಹೋಗಿಬಿಟ್ಟರೆ ಏನು ಮಾಡುವುದು ಎಂದು ಥೆರಪಿಸ್ಟ್ ಹತ್ತಿರ ಕೇಳಲು ನನಗೆ ಧೈರ್ಯ ಬರಲಿಲ್ಲ.

ನಿಮ್ಮ
ಬಾಯಿಬಡುಕಿ

ತಾ.ಕ.: ಮೂರು ಭಾನುವಾರದಿಂದ ಮಗು ಮಲಗಿದೆ, ಆಡಲು ಹೋಗಿದೆ ಎಂದೆನಲ್ಲ, ಎಲ್ಲ ಸುಳ್ಳು. ಮಳಿಗೆಯಲ್ಲಿ ತಪ್ಪಿಸಿಕೊಂಡಿದ್ದಳಲ್ಲ, ಅದರ ಮರುದಿನ ನೀವು ಫೋನ್ ಮಾಡಿದಾಗ ನಾನು ಹಾಲು ಇಳಿಸಲು ಒಳಗೆ ಹೋಗಿದ್ದೆ. ವಾಪಸು ಬಂದು ಬಾಗಿಲಲ್ಲೇ ನಿಂತೆ. ಅವಳು ನಿಮಗೆ ಎಲ್ಲ ಹೇಳುತ್ತಿದ್ದಳು. ಅಮ್ಮ ಕಾಣಿಸಲಿಲ್ಲ, ತುಂಬಾ ಅತ್ತೆ, ಎಷ್ಟು ಹೇಳಿದರೂ ಆ ಮಾಮನಿಗೆ ನನ್ನ ಹೆಸರು ತಿಳಿಯಲೇ ಇಲ್ಲ ಎಂದು. ನೀವು ಜೋರಾಗಿ ನಕ್ಕು, 'ಹೌದಾ ಚೋಟು? ಭಾರೀ ಮಜಾ ಮಾಡಿದ್ಯಲ್ಲ!' ಎಂದಿರಿ. ಅವಳು ಫೋನನ್ನು ಬೋರಲು ಹಾಕಿ ಮೇಜಿನ ಕೆಳಗೆ ಹೋಗಿ ಕೂತಳು. ಈಗ ಫೋನ್ ಸದ್ದಾದರೆ ಸಾಕು, ಅಲ್ಲಿಗೇ ಓಡುತ್ತಾಳೆ. ತಿಳಿಯದಿದ್ದರೂ ತಿಳಿದವರಂತೆ ನಗುವುದನ್ನು ನಿಮಗೆ ಕಲಿಸಿದವಳು ನಾನೇ. ಈ ಕಾಗದ ಓದಿದ ಮೇಲೆ ಬರುವ ಭಾನುವಾರ ಫೋನ್ ಮಾಡಿ ಕಾಗದ ಸಿಕ್ಕಿತು ಎಂದಷ್ಟೇ ಹೇಳಿ, ನಾನು ಫೋನನ್ನು ಮೇಜಿನ ಕೆಳಗೆ ಅವಳ ಹತ್ತಿರ ಇಟ್ಟು ಆಚೆ ಹೋಗುತ್ತೇನೆ. 'ಅವತ್ತು ನಂಗೆ ಗೊತ್ತಾಗ್ಲಿಲ್ಲ ಮಗಳೇ, ಇನ್ನೊಂದ್ಸಲ ಹೇಳು' ಎಂದು ಕೇಳಿ. ಅವಳು ಏನೂ ಹೇಳದೆ ಇದ್ದರೂ ಫೋನ್ ಇಡಬೇಡಿ.