ಲಿಫ್ಟ್ ಉಸ್ತಾನಿಗೆ ಮೊದಲು ಸಿಮ್ ಕೊಡಿ, ಮದುವೆಯ ಮಾತು ಆಮೇಲೆ

ದೂರವಾಣಿ ನೋಂದಣಿ ಕಚೇರಿಯ ಮುಖ್ಯಾಧಿಕಾರಿಗಳಿಗೆ,
ಬಿಷ್ಕೆಕ್

ಮಾನ್ಯರೇ,

ತಮ್ಮ ಕಚೇರಿಯ ವಿದೇಶೀಯರ ಕಿಟಕಿಯಲ್ಲಿ ಕೂರುವ ತರುಣರು ಕಳೆದ ಗುರುವಾರ, ಹಿಂದೆ ಮುಂದೆ ಜನ ತುಂಬಿದ್ದ ಸಾಲಿನ ಎದುರು, ನನಗೆ ಮದುವೆಯಾಗುವಂತೆ ಸಲಹೆ ಕೊಟ್ಟರು. ನನಗೆ ಅರವತ್ತೊಂದು. ಈ ಊರಿನ ಟ್ರಾಲಿಬಸ್ ಓಡಿಸಿ ನಿವೃತ್ತಳಾದವಳು, ಗಂಡನನ್ನು ಮಣ್ಣು ಮಾಡಿ ಬಹಳ ವರ್ಷವಾದ ವಿಧವೆ. ನಾನು ತಮ್ಮಲ್ಲಿಗೆ ವರನನ್ನು ಹುಡುಕಿಕೊಂಡು ಬಂದಿರಲಿಲ್ಲ. ನನ್ನ ಮನೆಯಲ್ಲಿ ಬಾಡಿಗೆಗಿರುವ ಪರದೇಶದ ಲಿಫ್ಟ್ ಮೆಕ್ಯಾನಿಕ್‌ಗೆ ಒಂದು ಸಿಮ್ ಕಾರ್ಡ್ ಕೇಳಲು ಬಂದಿದ್ದೆ.

ಆ ತರುಣರ ಮೇಲೆ ನನಗೆ ಕೋಪವಿಲ್ಲ. ಅವರು ತಮಾಷೆ ಮಾಡಲಿಲ್ಲ, ತಮ್ಮ ನಿಯಮವನ್ನು ಓದಿ ಹೇಳಿದರು, ಅಷ್ಟೆ. ಪರದೇಶದವರಿಗೆ ಸಿಮ್ ಸಿಗಬೇಕಾದರೆ ಈ ದೇಶದ ಪ್ರಜೆಯೊಬ್ಬರ ಕುಟುಂಬದವರಾಗಿರುವುದು ಸುಲಭದ ದಾರಿಯಂತೆ. ಸರ್ಕಾರ ವಿಧವೆಯರ ಸಂಸಾರದ ಬಗ್ಗೆ ಇಷ್ಟೊಂದು ಕಾಳಜಿ ಇಟ್ಟುಕೊಂಡಿದೆ ಎಂದು ನಮಗೆ ಗೊತ್ತೇ ಇರಲಿಲ್ಲ! ಗೊತ್ತಿದ್ದರೆ ಗಂಡ ತೀರಿಕೊಂಡ ವರ್ಷವೇ ಬಂದು ಸಾಲಿನಲ್ಲಿ ನಿಲ್ಲುತ್ತಿದ್ದೆ. ನನ್ನ ದೂರು ಆ ನಿಯಮದ ಮೇಲೆ, ಅದನ್ನು ಬರೆದವರ ಮೇಲೆ. ಆದ್ದರಿಂದ ತಾವು ಇದನ್ನು ಕೊನೆಯವರೆಗೂ ಓದಬೇಕು.

ಆ ಮೆಕ್ಯಾನಿಕ್ ಹೆಸರು ಪೆರ್ದೆಬಾಯ್. ಗಡಿಯಾಚೆಯ ನೂಕುಸ್ ಕಡೆಯವರು, ಕರಕಲ್ಪಾಕ ಜನಾಂಗದವರು, ಹೆಂಡತಿ ತೀರಿಕೊಂಡಿದ್ದಾರೆ, ಮದುವೆಯಾದ ಮಗಳು ಊರಿನಲ್ಲಿ ನರ್ಸ್. ನಮ್ಮ ಅಂಗಳದ ಸುತ್ತ ಒಂಬತ್ತು ಮಹಡಿಯ ನಾಲ್ಕು ಕಟ್ಟಡಗಳಿವೆ. ಹಳೆಯ ಮೆಕ್ಯಾನಿಕ್ ರಷ್ಯಾಕ್ಕೆ ಹೋದ ಮೇಲೆ ಒಂದೊಂದಾಗಿ ಎಲ್ಲ ಲಿಫ್ಟುಗಳೂ ನಿಂತುಹೋದವು. ಎರಡು ವರ್ಷ ನಾನು ಆಲೂಗಡ್ಡೆ ಚೀಲ ಹೊತ್ತು ಎಂಟು ಮಹಡಿ ಹತ್ತಿದ್ದೇನೆ. ಆಗ ಬುರುಲ್ ಎಲ್ಲೆಲ್ಲೋ ವಿಚಾರಿಸಿ ಈ ಮನುಷ್ಯರನ್ನು ಕರೆಸಿದಳು. ಬುರುಲ್ ಎಂದರೆ ನಮ್ಮ ಕಟ್ಟಡಗಳ ಸಮಿತಿಯ ಅಧ್ಯಕ್ಷೆ, ನನ್ನ ಕೆಳಗಿನ ಮನೆಯವಳು. ಅವಳ ಬಾಯಿ ಎಂಥದೆಂದು ತಮಗೆ ತಿಳಿಯಬೇಕಾದರೆ ಒಮ್ಮೆ ನಮ್ಮ ಅಂಗಳದಲ್ಲಿ ಕಾರು ಅಡ್ಡ ನಿಲ್ಲಿಸಿ ನೋಡಿ. ಉಳಿಯಲು ಜಾಗ ಕೊಡುವವರು ಯಾರು ಎಂದಾಗ ಬೇರೆಲ್ಲರೂ ಚಾವಣಿ ನೋಡಿದರು. ಮಗ ಬಿಟ್ಟುಹೋದ ಕೋಣೆ ಖಾಲಿಯಿತ್ತು, ನಾನು ಕೊಟ್ಟೆ.

ಬಂದವರು ಮೊದಲು ನಮ್ಮ ಲಿಫ್ಟನ್ನೇ ಬಿಚ್ಚಿದರು. ಅದು ನಡೆಯಲು ಶುರುವಾದ ದಿನ ನಾನು ಬಜಾರಿಗೆ ಹೋಗಿ, ಎರಡು ಕೈಯಲ್ಲಿ ಎತ್ತಲಾಗದಷ್ಟು ದೊಡ್ಡ ಕಲ್ಲಂಗಡಿ ಕೊಂಡು ಲಿಫ್ಟಿನಲ್ಲಿ ತಂದೆ. ಅದನ್ನು ಕೊಯ್ದಾಗ ಅವರು ಮೊದಲ ಹೋಳನ್ನು ನನಗೇ ಕೊಟ್ಟರು. ಅಂದಿನಿಂದ ಇಡೀ ಅಂಗಳ ಅವರನ್ನು ಹೆಸರು ಹಿಡಿದು ಕರೆಯುವುದನ್ನು ಬಿಟ್ಟಿತು. ಕೈ ಪಳಗಿದ ಕೆಲಸಗಾರನಿಗೆ ಸಲ್ಲುವಂತೆ ಉಸ್ತಾ ಎಂದೇ ಕರೆಯಿತು.

ಈಗ ಸಿಮ್ಮಿನ ವಿಷಯ. ಅವರ ಊರಿನ ಸಿಮ್ ಗಡಿ ದಾಟಿದ ಕೂಡಲೇ ಉಸಿರು ಬಿಟ್ಟಿತ್ತು. ಗಡಿಯ ಅಂಗಡಿಯಲ್ಲಿ ಕೊಟ್ಟ ತಾತ್ಕಾಲಿಕ ಸಿಮ್ ಕೆಲವೇ ದಿನ ನಡೆದು ಅದೂ ಸತ್ತಿತು. ನಾವಿಬ್ಬರೂ ಬಜಾರಿನ ಫೋನ್ ಅಂಗಡಿಗೆ ಹೋದೆವು. ಅಲ್ಲಿ ಬೇಗಿಮಾಯ್ ಎಂಬ ಹುಡುಗಿ, ಉದ್ದ ಉಗುರು.

"ಪಾಸ್‌ಪೋರ್ಟ್ ಇದೆ, ಫೋನಿದೆ, ದುಡ್ಡಿದೆ. ಇನ್ನೇನಮ್ಮ ಬೇಕು?" ಎಂದೆ.

"ಅಪಾ, ಇವರ ನೋಂದಣಿ ಸಂಖ್ಯೆ ಬೇಕು. ಅದನ್ನ ನೋಂದಣಿ ಕಚೇರೀಲಿ ಕೊಡ್ತಾರೆ."

"ಏನೇ, ನಾನು ನಿನ್ನ ಅಜ್ಜಿ ಥರ ಕಾಣ್ತೀನಾ, ಅಪಾ ಅನ್ನಕ್ಕೆ? ಅಕ್ಕ ಅನ್ನೋ ಹಾಗೆ ಎಜೆ ಅನ್ನು."

"ಸರಿ ಎಜೆ. ಎಜೆ ಆದ್ರೂ ಸಂಖ್ಯೆ ಬೇಕೇ ಬೇಕು."

ತಮ್ಮ ಕಚೇರಿಗೆ ಬಂದೆವು. ಕಿಟಕಿಯವರು ಪಾಸ್‌ಪೋರ್ಟ್ ನೋಡಿ ತಲೆಯಾಡಿಸಿದರು. ಸಂಖ್ಯೆ ಕೊಡಲು ಅಡ್ಡಿಯಿಲ್ಲ, ಅದಕ್ಕೊಂದು ಓಟಿಪಿ ಬರುತ್ತದೆ, ಅರ್ಜಿದಾರರ ಸ್ವಂತ ಹೆಸರಿನಲ್ಲಿರುವ ಸ್ಥಳೀಯ ನಂಬರ್ ಹೇಳಿ, ಎಂದರು.

"ಆ ನಂಬರ್ ತಗೊಳ್ಳೋಕೇ ಈ ಸಂಖ್ಯೆ ಕೇಳ್ತಿರೋದು" ಎಂದೆ.

"ಹಾಗಾದ್ರೆ ನಂಬರ್ ತಗೊಂಡು ಬನ್ನಿ."

ಪೆರ್ದೆಬಾಯ್ ಯಂತ್ರದ ಮನುಷ್ಯ. ಕೆಟ್ಟದ್ದು ಎಲ್ಲಿ ಕೆಟ್ಟಿದೆ ಎಂದು ನೋಡದೆ ಅವರಿಗೆ ಸಮಾಧಾನವಿಲ್ಲ. ಕಿಟಕಿಗೆ ಬಗ್ಗಿ ಬಹಳ ಮರ್ಯಾದೆಯಿಂದ ಕೇಳಿದರು: "ತಮ್ಮಾ, ನಿಮ್ಮಲ್ಲಿ ಇದನ್ನ ಮೊದಲನೇ ಸಲ ಯಾರು ತಗೊಂಡ್ರು? ಅವ್ರು ಹೇಗೆ ತಗೊಂಡ್ರು?" ಕಿಟಕಿ ಮುಚ್ಚಿತು. ಊಟದ ಹೊತ್ತಾಗಿತ್ತಂತೆ.

ಮಾನ್ಯರೇ, ನಾನೂ ಸಾರ್ವಜನಿಕ ಸೇವೆಯಲ್ಲಿದ್ದವಳು. ಟಿಕೆಟ್ ಇಲ್ಲದವರು ಬಸ್ ಹತ್ತಕೂಡದು, ಟಿಕೆಟ್ ಸಿಗುವುದು ಬಸ್ಸಿನೊಳಗೆ ಮಾತ್ರ ಎಂದು ಬಾಗಿಲು ಮುಚ್ಚಿಕೊಂಡು ಇಡೀ ದಿನ ಖಾಲಿ ಗಾಡಿ ಓಡಿಸಿದ್ದರೆ ನನ್ನನ್ನು ಸಂಜೆಗೇ ಮನೆಗೆ ಕಳಿಸುತ್ತಿದ್ದರು. ತಮ್ಮನ್ನು ಯಾರೂ ಕಳಿಸುವುದಿಲ್ಲವೇ?

ಬೇರೆ ದಾರಿ ಕಾಣದೆ ಅನಾರ್‌ಕಾನ್ ಎಂಬ ನನ್ನ ಹೆಸರಿನಲ್ಲೇ ಇನ್ನೊಂದು ಸಿಮ್ ಕೊಂಡು ಅವರ ಫೋನಿಗೆ ಹಾಕಿದೆ. ಗುಂಡಿ ಒತ್ತುವ ಹಳೆಯ ಫೋನು ಅದು, ಪಾಪ, ಮತ್ತೆ ಜೀವ ಬಂದಂತೆ ಕಿರುಚಿತು. ಕೆಲವು ವಾರ ಎಲ್ಲ ಸರಿಯಿತ್ತು. ಒಂದು ದಿನ ತಮ್ಮ ಕಚೇರಿಯಿಂದ ಪರಿಶೀಲನೆಯ ಕರೆ ಬಂತು. ಪೆರ್ದೆಬಾಯ್ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದರು. ನನಗೆ ಕೇಳಿಸಿದ್ದು ಇಷ್ಟು: "ಅಲ್ಲ, ನಾನು ಅನಾರ್‌ಕಾನ್ ಅಲ್ಲ... ಅವರು ಹಿಟ್ಟು ನಾದ್ತಿದಾರೆ... ನಾನು ಬಾಡಿಗೆಯವನು... ಹೌದು, ಯಾವಾಗ್ಲೂ ನನ್ನ ಹತ್ರಾನೇ ಇರುತ್ತೆ." ಸಂಜೆಗೆ ಸಿಮ್ ಬಂದ್. ನಾನು ತಲೆ ಚಚ್ಚಿಕೊಂಡೆ.

"ಉಸ್ತಾ, ಹೌದು ಅಂತ ಒಂದು ಮಾತು ಹೇಳಿ ಇಟ್ಟುಬಿಡಕ್ಕೇನಾಗಿತ್ತು?"

"ಎಜೆ, ಅವರು ನನ್ನನ್ನ 'ಅಮ್ಮ' ಅಂತ ಮಾತಾಡಿಸಿದ್ರು. ಮೀಸೆ ಇಟ್ಕೊಂಡು ಹೇಗೆ ಹೌದು ಅನ್ಲಿ?"

ಹೀಗೆ ನಾನು ಅವರ ದೂರವಾಣಿಯಾದೆ. ಬುರುಲ್ ನನ್ನ ನಂಬರನ್ನು ನಾಲ್ಕು ಕಟ್ಟಡಗಳ ಲಿಫ್ಟಿನೊಳಗೂ ಅಂಟಿಸಿದಳು, ನನ್ನನ್ನು ಕೇಳದೆ. ಯಾರು ಸಿಕ್ಕಿಬಿದ್ದರೂ ನನಗೆ ಕರೆ. ನಾನು ಬಾಲ್ಕನಿಗೆ ಓಡಿ, ಟ್ರಾಲಿಬಸ್ಸಿನಲ್ಲಿ ಕೊನೆಯ ಸೀಟಿನವರಿಗೆ ಕೇಳಿಸುತ್ತಿದ್ದ ಗಂಟಲಿನಲ್ಲಿ, "ಉಸ್ತಾ! ಮೂರನೇ ಕಟ್ಟಡ! ಐದಕ್ಕೂ ಆರಕ್ಕೂ ನಡುವೆ!" ಎಂದು ಕೂಗಬೇಕು. ಅವರು ಎಲ್ಲೋ ಒಂದು ಚಾವಣಿಯಿಂದ ಟೋಪಿ ಬೀಸುತ್ತಾರೆ. ಅವರು ಬರುವವರೆಗೆ ಒಳಗಿದ್ದವರ ಜೊತೆ ನಾನು ಮಾತಾಡುತ್ತಿರಬೇಕು. ಬೀಗರ ಮನೆಗೆ ಕುರಿ ಒಯ್ಯುತ್ತಿದ್ದವನೊಬ್ಬ ಕುರಿಯ ಸಮೇತ ಸಿಕ್ಕಿಬಿದ್ದು, "ಎಜೆ, ಇದು ನನ್ನನ್ನೇ ನೋಡ್ತಿದೆ, ಇದಕ್ಕೆಲ್ಲ ಗೊತ್ತಾಗಿದೆ" ಎಂದು ಅಳುವ ಹಾಗಾಗಿದ್ದ. ನಾನು ಅವನಿಗೂ ಸಮಾಧಾನ ಹೇಳಿದೆ, ಕುರಿಗೂ ಹೇಳಿದೆ.

ಅವರ ಮಗಳು ಕರೆ ಮಾಡುತ್ತಿದ್ದದ್ದೂ ನನಗೇ. ಹಗಲು ಅವಳಿಗೆ ಬಿಡುವಿದ್ದಾಗ ಅಪ್ಪ ಲಿಫ್ಟಿನ ಬಾವಿಯೊಳಗೆ. ಅಪ್ಪ ಮನೆಗೆ ಬರುವ ಹೊತ್ತಿಗೆ ಅವಳು ಡ್ಯೂಟಿಯಲ್ಲಿ. ಮೊದಮೊದಲು ಮಾತ್ರೆ ನುಂಗಿದರಾ, ಉಣ್ಣೆಯ ಕಾಲುಚೀಲ ಹಾಕಿದರಾ ಎಂದಷ್ಟೇ ಕೇಳುತ್ತಿದ್ದಳು. ಒಂದು ದಿನ ಸಿಟ್ಟಿನಲ್ಲಿದ್ದಳು. "ಅಪ್ಪಂಗೆ ಹೇಳಿ, ಅಮ್ಮ ಹೋದ್ಮೇಲೆ ಖಾಲಿ ಮನೇಲಿ ಕೂರೋ ಧೈರ್ಯ ಇಲ್ದೆ ಓಡಿಹೋದ್ರು ಅಂತ. ನಾನೂ ಅದೇ ಮನೆಗೆ ಹೋಗಿ ಬರ್ತಿದ್ದೆ, ನನ್ನನ್ನ ಯಾರು ಕೇಳಿದ್ರು?" ಎಂದು ಅತ್ತಳು.

ಅವರು ಬಂದ ಮೇಲೆ ಚಹಾ ಕೊಟ್ಟು, "ಮಗಳಿಗೆ ನಿಮ್ಮ ನೆನಪಾಗಿದೆಯಂತೆ" ಎಂದೆ.

ಅವರು ಬಟ್ಟಲನ್ನು ಕೆಳಗಿಟ್ಟರು. "ಅವಳು ಅಷ್ಟು ಮೆತ್ತಗೆ ಮಾತಾಡೋಳಲ್ಲ, ಎಜೆ. ಪೂರ್ತಿ ಹೇಳಿ."

ಪೂರ್ತಿ ಹೇಳಿದೆ. ಅಂದು ಅವರು ಎದ್ದು, ಊರಿನಿಂದ ತಂದಿದ್ದ ಜೋಳದ ಹಿಟ್ಟು ಕಲಸಿ, ತಮ್ಮ ಕಡೆಯ ಕಡುಬು ಮಾಡಿದರು. ಹೆಂಡತಿ ಮಾಡುತ್ತಿದ್ದದ್ದಂತೆ. ಸರಿಯಾಗಿ ಬೆಂದಿರಲಿಲ್ಲ. ಇಬ್ಬರೂ ಪೂರ್ತಿ ತಿಂದೆವು. ಮರುದಿನ ಕೆಲಸಕ್ಕೆ ಹೋಗದೆ ನನ್ನ ಫೋನಿನ ಪಕ್ಕ ಕೂತು, ಮಗಳ ಕರೆ ಬಂದ ಕೂಡಲೇ ತಾವೇ ಎತ್ತಿಕೊಂಡರು. ನಾನು ಬಾಲ್ಕನಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಯಾವ ಕಂಪನಿಯ ಫೋನಿಗೆ ಇಷ್ಟು ಮರ್ಯಾದೆ ಇದೆ, ಹೇಳಿ?

ಇದರಲ್ಲೇ ದಿನ ಕಳೆಯಬಹುದಿತ್ತು. ಆದರೆ ಜನವರಿಯಲ್ಲಿ ನಾನು ಚಿಕ್ಕಮ್ಮನ ಸಾವಿಗೆಂದು ನಾರಿನ್ ಕಡೆಯ ಬೆಟ್ಟಕ್ಕೆ ಹೋದೆ. ಅಲ್ಲಿ ಸಿಗ್ನಲ್ ಇಲ್ಲ. ಅದೇ ಹೊತ್ತಿಗೆ ಕರೆಂಟು ಹೋಗಿಬಂದು, ನಮ್ಮ ಕಟ್ಟಡದ ಲಿಫ್ಟು ನಡುವೆ ನಿಂತಿತು. ಒಳಗಿದ್ದದ್ದು ಬುರುಲ್. ಸಕ್ಕರೆ ಕಾಯಿಲೆಯವಳು, ಸೂಜಿ ಮನೆಯಲ್ಲಿತ್ತು. ನನಗೆ ಕರೆ ಮಾಡಿದಳು, ಮಾಡಿದಳು, ಮಾಡುತ್ತಲೇ ಇದ್ದಳು. ಪೆರ್ದೆಬಾಯ್ ಎದುರಿನ ಕಟ್ಟಡದ ಚಾವಣಿಯ ಕೋಣೆಯಲ್ಲಿ ಮೋಟಾರಿನ ಕೆಲಸದಲ್ಲಿ ಮುಳುಗಿದ್ದರು; ಕೂಗಿದರೆ ಕೇಳುವಷ್ಟು ಹತ್ತಿರ, ಆದರೆ ಕೂಗುವವರಿರಲಿಲ್ಲ. ಯಾರೋ ಅವರನ್ನು ಹುಡುಕಿ ತರುವಷ್ಟರಲ್ಲಿ ಕತ್ತಲಾಗಿತ್ತು. ಬಾಗಿಲು ತೆಗೆದಾಗ ಬುರುಲ್ ನೆಲದ ಮೇಲೆ ಕೂತಿದ್ದಳು, ಮುಖ ಸುಣ್ಣದ ಹಾಗೆ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅವರನ್ನು ಕರೆಸಿ ಹೇಳಿದಳು:

"ಉಸ್ತಾ, ನಿಮ್ಮ ಕೈ ಚಿನ್ನ. ಆದ್ರೆ ಕರೆದಾಗ ಸಿಗದ ಚಿನ್ನ ಇಟ್ಕೊಂಡು ನಾನೇನ್ ಮಾಡ್ಲಿ? ಮಾರ್ಚಿನ ನೊರೂಜ್ ಹಬ್ಬದೊಳಗೆ ಒಂದು ನಂಬರ್ ಮಾಡ್ಕೊಳ್ಳಿ. ಇಲ್ಲಾಂದ್ರೆ ಸಮಿತಿ ಬೇರೆಯವರನ್ನ ನೋಡುತ್ತೆ."

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ನಾನು ಬೆಟ್ಟದಿಂದ ಬಂದಾಗ ಅವರು ತಮ್ಮ ಸಲಕರಣೆಗಳನ್ನೆಲ್ಲ ಒರೆಸಿ ಎಣ್ಣೆ ಹಚ್ಚಿ ಪೆಟ್ಟಿಗೆಯಲ್ಲಿ ಜೋಡಿಸುತ್ತಿದ್ದರು. ಲಿಫ್ಟಿಲ್ಲದೆ ಎರಡು ವರ್ಷ ಬದುಕಿದವಳು ನಾನು, ಇನ್ನೆರಡು ವರ್ಷ ಬದುಕಬಲ್ಲೆ. ನನಗೆ ಆಗ ಆದ ಸಂಕಟ ಲಿಫ್ಟಿನದಲ್ಲ ಎಂದು ನನಗೆ ಅಲ್ಲೇ, ಬಾಗಿಲಲ್ಲಿ ಬೂಟು ಕಳಚುವಾಗಲೇ, ತಿಳಿದುಹೋಯಿತು.

ಆದ್ದರಿಂದ ಕಳೆದ ಗುರುವಾರ ಅವರನ್ನು ಎಳೆದುಕೊಂಡು ಮತ್ತೆ ತಮ್ಮ ಕಚೇರಿಗೆ ಬಂದೆ. ಮುಂದಿನದು ತಮಗೆ ಹೇಳಿದ್ದೇನೆ. ತರುಣರು ನಿಯಮ ಓದಿದರು: ಗಂಡ, ಹೆಂಡತಿ, ಮಕ್ಕಳು, ತಂದೆತಾಯಿ. ನನ್ನನ್ನೂ ಅವರನ್ನೂ ಒಮ್ಮೆ ನೋಡಿ, "ಮಗ ಅಂತ ಹಾಕಕ್ಕಾಗಲ್ಲ, ಅಮ್ಮ. ಮದುವೆ ಆದ್ರೆ ಅದೇ ದಿನ ಸಿಮ್ ಸಿಗುತ್ತೆ" ಎಂದರು. ಸಾಲಿನವರೆಲ್ಲ ನಕ್ಕರು. ಯಾರೋ ಒಬ್ಬ ಹಿಂದಿನಿಂದ, "ಎಜೆ, ಊಟಕ್ಕೆ ನಮ್ಮನ್ನೂ ಕರೀರಿ!" ಎಂದ. ನಾನು ಅವನಿಗೆ ಕೊಟ್ಟ ಉತ್ತರ ಇಂಥ ಪತ್ರದಲ್ಲಿ ಬರೆಯುವಂಥದಲ್ಲ.

ಬಸ್ ಹಿಡಿದೆವು. ಮನೆಗೆ ಬಂದು ಚಹಾಕ್ಕಿಟ್ಟೆ. ಅವರು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು.

"ಆ ಹುಡುಗ ಹೇಳಿದ್ದು..."

"ಬಾಯಿಗೆ ಬಂದಿದ್ದು ಹೇಳ್ದ, ಬಿಡಿ."

"ಬಿಡಕ್ಕಾಗ್ತಿಲ್ಲ. ದಾರೀಲೆಲ್ಲ ಅದನ್ನೇ ಯೋಚಿಸ್ದೆ. ನೀವು ಒಪ್ಪೋದಾದ್ರೆ ನಾನು ತಯಾರಿದ್ದೀನಿ."

"ಯಾತಕ್ಕೆ ತಯಾರು? ನನಗೋ, ಸಿಮ್ಮಿಗೋ?"

ಮಾನ್ಯರೇ, ಬೇರೆ ಯಾವ ಗಂಡಸಾದರೂ ಆ ಹೊತ್ತಿನಲ್ಲಿ ಒಂದು ಚಂದದ ಸುಳ್ಳು ಹೇಳುತ್ತಿದ್ದ. ನನ್ನ ಗಂಡ ಹತ್ತು ಹೇಳುತ್ತಿದ್ದ. ಇವರು ಕೂತು ನಿಜವಾಗಿ ಯೋಚಿಸಿದರು.

"ಎರಡಕ್ಕೂ" ಎಂದರು. "ಬಸ್ ಹತ್ತುವಾಗ ಸಿಮ್ಮಿಗೆ ಅಂತಾನೇ ಇದ್ದೆ. ಇಳಿಯೋಷ್ಟರಲ್ಲಿ ಜಾಸ್ತಿ ಪಾಲು ನಿಮ್ಮದಾಗಿತ್ತು."

"ಪೂರ್ತಿ ನನ್ನದಾದ ಮೇಲೆ ಬಂದು ಕೇಳಿ!"

"ಆಗಿದ್ಯೋ ಏನೋ, ಎಜೆ" ಎಂದು ಅವರು ಟೋಪಿ ತಿರುಗಿಸುತ್ತ ಹೇಳಿದರು. "ಆ ಸಿಮ್ ನಡುವೆ ಕೂತಿರೋವರೆಗೆ ನಂಗಾದ್ರೂ ಹೇಗೆ ಗೊತ್ತಾಗ್ಬೇಕು?"

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಅದಕ್ಕೇ ಈ ಪತ್ರ ಬರೆಯಲು ಕೂತೆ.

ನನ್ನ ಬೇಡಿಕೆ ಇಷ್ಟು. ನೊರೂಜ್ ಬರುವುದರೊಳಗೆ ಪೆರ್ದೆಬಾಯ್ ಅವರಿಗೆ, ಅವರದೇ ಪಾಸ್‌ಪೋರ್ಟಿನ ಮೇಲೆ, ಅವರದೇ ಹೆಸರಿಗೆ ಒಂದು ನಂಬರ್ ಕೊಡಿ. ಯಾರ ಗಂಡನೆಂದೂ ಅಲ್ಲ, ಯಾರ ಮಗನೆಂದೂ ಅಲ್ಲ, ನಮ್ಮ ಊರಿಗೆ ಬಂದು ನಾಲ್ಕು ಕಟ್ಟಡಗಳ ಜನರನ್ನು ಮೇಲಕ್ಕೂ ಕೆಳಕ್ಕೂ ಸಾಗಿಸುತ್ತಿರುವ ಒಬ್ಬ ಮನುಷ್ಯನೆಂದು ಕೊಡಿ. ಆಮೇಲೆ ಅವರು ಇನ್ನೊಮ್ಮೆ ಕೇಳಿದರೆ ಕೇಳಲಿ. ಕೇಳದಿದ್ದರೆ ಲಿಫ್ಟು ನಡೆಯುತ್ತದೆ, ನಾನು ತಿಂಗಳ ಬಾಡಿಗೆ ತೆಗೆದುಕೊಂಡು ಸುಮ್ಮನಿರುತ್ತೇನೆ. ಕೇಳಿದರೆ ನಾನು ಏನು ಹೇಳುತ್ತೇನೆ ಎನ್ನುವುದು ತಮ್ಮ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ. ಆದರೆ ಅರವತ್ತೊಂದನೇ ವಯಸ್ಸಿನಲ್ಲಿ ಒಬ್ಬಳನ್ನು ಒಬ್ಬರು ಬೇಕು ಎಂದು ಕೇಳಿದಾಗ, ಅದರಲ್ಲಿ ಸರ್ಕಾರದ ಪಾಲೆಷ್ಟು ಎಂದು ಅವಳು ಕೂತು ಅಳೆಯುವಂತೆ ಮಾಡಬೇಡಿ.

ಇಂತಿ,
ಎಂಟನೇ ಮಹಡಿಯಲ್ಲಿ, ಉತ್ತರವನ್ನು ಬಾಯಿಯೊಳಗೇ ಇಟ್ಟುಕೊಂಡು ಕೂತಿರುವ
ಅನಾರ್‌ಕಾನ್,
ನಿವೃತ್ತ ಟ್ರಾಲಿಬಸ್ ಚಾಲಕಿ