ಅಮ್ಮ ಕೈ ತೋರಿಸಿದ ಮನುಷ್ಯ

ಟಲ್ಲೋನಾ, ಮಿಸಿಸಿಪ್ಪಿ
ಅಕ್ಟೋಬರ್ 19, 1966

ಪ್ರೀತಿಯ ತಂಗಿ ಓಲೀಟಾ,

ನೀನೂ ಗ್ರೇಡಿಯೂ ಮಕ್ಕಳೂ ಸುಖವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದಗಳು ಉತ್ತರವಿಲ್ಲದೆ ಬಿದ್ದಿವೆ, ಬೈಯಬೇಡ. ಬರೆಯಲು ಕೂತಾಗಲೆಲ್ಲ ಕೈ ಸೋಲುತ್ತಿತ್ತು. ಹತ್ತಿ ಬಿಡಿಸಿ ಮುಗಿಯಿತು. ಸೆಖೆ ಮಾತ್ರ ನನ್ನ ಹಾಗೆಯೇ, ಊರು ಬಿಟ್ಟು ಹೋಗುತ್ತಿಲ್ಲ.

ಗಿರಣಿಯ ಧಣಿ ಬರ್ಲ್ ಹ್ಯಾಡವೇ ಅಮ್ಮನ ಮನೆಯೆದುರು, ತನ್ನ ಗೇಟಿನಲ್ಲೇ ಗುಂಡೇಟಿಗೆ ಸತ್ತದ್ದು ನಿನಗೆ ಗೊತ್ತಿದೆ. ಗಿರಣಿಯ ಆಳು ರೋಸ್ಕೋ ಮೇಬ್ರಿಯನ್ನು ಷೆರಿಫ್ ಹಿಡಿದ. ಧಣಿಯೊಂದಿಗೆ ಅವನ ಜಗಳವಾಗಿತ್ತು, ಮೇಲೆ ಅವನು ಕಪ್ಪು ಜನಾಂಗದವನು. ಷೆರಿಫನಿಗೆ ಅಷ್ಟೇ ಸಾಕಾಯಿತು. ಕಣ್ಣಾರೆ ಕಂಡ ಸಾಕ್ಷಿ ಒಬ್ಬರೇ: ವರಾಂಡದಲ್ಲಿ ಬಟಾಣಿ ಸುಲಿಯುತ್ತಿದ್ದ ನಮ್ಮ ಅಮ್ಮ. "ಓಡಿಹೋದವನು ರೋಸ್ಕೋನೇ" ಎಂದಿದ್ದಳು.

ಅವನ ಪರ ವಾದಿಸಲು ಕೋರ್ಟು ನನ್ನನ್ನೇ ನೇಮಿಸಿತು. "ಸಾಕ್ಷಿ ನನ್ನ ತಾಯಿ, ಬಿಟ್ಟುಬಿಡಿ" ಎಂದು ನ್ಯಾಯಾಧೀಶರಲ್ಲಿ ಗೋಗರೆದೆ.

"ಈ ಊರಲ್ಲಿ ಯಾರಿಗೆ ಯಾರು ನೆಂಟರಲ್ಲ ಹಾಲಿಸ್? ಬೇರೆ ವಕೀಲ ಇದ್ರೆ ತೋರ್ಸು" ಎಂದರು.

ರೋಸ್ಕೋ ಸೆರೆಮನೆಯಲ್ಲಿ ಗೋಡೆ ನೋಡುತ್ತಾ ಹೇಳಿದ: "ನಿಮ್ಮಮ್ಮ ಸುಳ್ಳು ಹೇಳೋರಲ್ಲ ಸಾರ್. ಅದೇ ನನ್ನ ಕುತ್ತಿಗೆಗೆ ಬಂದಿರೋದು."

ಸುಳ್ಳು ಹೇಳುವವಳಲ್ಲ, ನಿಜ. ಆದರೆ ಅವಳ ದೃಷ್ಟಿ ಹೋಗಿತ್ತು, ಓಲೀಟಾ. ಕುರುಡಿ ಎಂದು ತಿಳಿದರೆ ವೃದ್ಧಾಶ್ರಮಕ್ಕೆ ಕಳಿಸುತ್ತೇವೆಂಬ ಭಯಕ್ಕೆ ಮುಚ್ಚಿಟ್ಟಿದ್ದಳು. ಊರೆಲ್ಲ ರೋಸ್ಕೋನ ಹೆಸರು ಹೇಳಿತು, ಅವಳಿಗೂ ಅವನೇ ಕಂಡ.

"ಕಣ್ಣು ಮಂಜು ಅಂತ ಒಂದ್ಮಾತು ಹೇಳ್ಬಿಡಮ್ಮ" ಎಂದು ಕಾಲು ಹಿಡಿದೆ.

"ನನ್ನ ಕಣ್ಣಿಗೇನಾಗಿದೆಯೋ? ಇದೇ ಕಣ್ಣಲ್ಲಿ ನಿಮ್ಮಪ್ಪನ್ನ ಆರಿಸ್ಕೊಂಡೆ."

"ಅದಕ್ಕೇ ಹೇಳ್ತಿರೋದು" ಎಂದೆ. ಅವಳು ನಗಲಿಲ್ಲ.

ಅಷ್ಟರಲ್ಲಿ ನನ್ನ ಕಾರಿನ ಗಾಜಿಗೆ ಇಟ್ಟಿಗೆ ಬಿತ್ತು. ಕ್ಷೌರದಂಗಡಿಯಲ್ಲಿ ಒಬ್ಬ ಕೇಳಿಯೂಬಿಟ್ಟ: "ಹೆತ್ತವಳಿಗಿಂತ ರೋಸ್ಕೋ ಹೆಚ್ಚಾದ್ನೇನಯ್ಯಾ?" ಸೋತರೆ ರೋಸ್ಕೋಗೆ ವಿಷಾನಿಲದ ಕೋಣೆಯಲ್ಲಿ ಮರಣದಂಡನೆ. ಅವನ ಹೆಂಡತಿ ಅರ್ಲೀನ್ ದಿನವೂ ನನ್ನ ಕಚೇರಿಯ ಮೆಟ್ಟಿಲ ಮೇಲೆ ಸುಮ್ಮನೆ ಕೂತಿರುತ್ತಿದ್ದಳು.

ವಿಚಾರಣೆಯ ದಿನ ನ್ಯಾಯಾಧೀಶರ ಅಪ್ಪಣೆ ಪಡೆದು ರೋಸ್ಕೋನನ್ನು ಕಾವಲಿನಲ್ಲಿ ಕೋರ್ಟಿನ ಮೇಲಂತಸ್ತಿನಲ್ಲಿ, ಕಪ್ಪು ಜನರಿಗೆಂದೇ ಬಿಟ್ಟ ಬೆಂಚುಗಳಲ್ಲಿ ಅವನ ಜನರ ನಡುವೆ ಕೂರಿಸಿದೆ. ನನ್ನ ಪಕ್ಕದ ಕುರ್ಚಿಗೆ ಬಂದವರು ಅಮ್ಮನ ಚರ್ಚಿನ ಬಿಳಿಯ ಪಾದ್ರಿ ಲ್ಯಾಮರ್. "ಬರೀ ಕೂರೋದು ತಾನೇ? ಸುಳ್ಳೇನಲ್ವಲ್ಲ?" ಎಂದು ಮತ್ತೆ ಮತ್ತೆ ಕೇಳಿದ್ದರು ಪಾಪ.

ಅಮ್ಮ ಬಿಳಿ ಕೈಗವಸು ತೊಟ್ಟು ಬಂದಳು. ಜ್ಯೂರಿಯಲ್ಲಿ ಅರ್ಧ ಜನಕ್ಕೆ ಭಾನುವಾರದ ಶಾಲೆಯಲ್ಲಿ ಬೈಬಲ್ ಕಲಿಸಿದವಳು ಅವಳೇ.

"ಅವತ್ತು ಓಡಿದವನು ಇಲ್ಲಿದಾನಾ?" ಎಂದೆ.

"ನಿನ್ನ ಪಕ್ಕದಲ್ಲೇ ಕೂತಿದಾನಲ್ಲೋ." ಪಾದ್ರಿಯತ್ತ ಕೈ ತೋರಿಸಿದಳು.

"ಸರಿಯಾಗಿ ನೋಡಿ ಹೇಳಮ್ಮ."

"ನೋಡೇ ಹೇಳ್ತಿರೋದು. ಅವನೇ."

ಹಿಂದೆ ಯಾರೋ ಕಿಸಕ್ಕೆಂದರು. ಆಮೇಲೆ ಕೋರ್ಟೇ ನಕ್ಕಿತು. ಪಾದ್ರಿ ಎದ್ದು, "ಮಿಸೆಸ್ ಟಾರ್ಪ್ಲಿ, ನಾನು... ಲ್ಯಾಮರ್" ಎಂದರು. ಅಮ್ಮ ಆ ದನಿಯತ್ತ ಮುಖ ತಿರುಗಿಸಿದಳು. ಚಾಚಿದ ಕೈಯನ್ನು ಮೆಲ್ಲಗೆ ಮಡಿಲಿಗಿಳಿಸಿ, ಬೆರಳಿಂದ ಬೆರಳಿಗೆ ಗವಸು ಸರಿಮಾಡಿಕೊಳ್ಳುತ್ತಾ ಕೂತಳು.

ರೋಸ್ಕೋ ಬಿಡುಗಡೆಯಾದ. ಆ ಸಂಜೆಯೇ ಗಂಡಹೆಂಡತಿ ಮೆಂಫಿಸ್ ಬಸ್ಸು ಹತ್ತಿದರು. ಇಲ್ಲಿ ಉಳಿದರೆ ಅವನನ್ನು ಬದುಕಗೊಡುವುದಿಲ್ಲ. "ನನಗೆ ಅಮ್ಮನೋರ ಮೇಲೆ ಸಿಟ್ಟಿಲ್ಲ ಅಂತ ಹೇಳಿ" ಎಂದ. ಕೊಂದವನನ್ನು ಷೆರಿಫ್ ಹುಡುಕುತ್ತಲೂ ಇಲ್ಲ. ಗೆದ್ದೆನೆಂದು ಹಿಗ್ಗುವ ಶಕ್ತಿ ನನ್ನಲ್ಲೂ ಇಲ್ಲ.

ಅಮ್ಮನನ್ನು ನನ್ನ ಮನೆಗೇ ಕರೆತಂದಿದ್ದೇನೆ. ಆಶ್ರಮದ ಮಾತೇ ಇಲ್ಲ, ಚಿಂತೆ ಬಿಡು. ಮಕ್ಕಳಿಗೆ ಮಾವನ ಮುತ್ತುಗಳು. ದೇವರು ನಿಮ್ಮ ಮನೆಯನ್ನು ತಣ್ಣಗಿಟ್ಟಿರಲಿ.

ನಿನ್ನ ಅಣ್ಣ,
ಹಾಲಿಸ್

ಮರೆತ ಮಾತು: ಅಮ್ಮ ಬೈದಳೇ, ಅತ್ತಳೇ ಎಂದು ನೀನು ಕೇಳಿಯೇ ಕೇಳುತ್ತೀ. ಎರಡೂ ಇಲ್ಲ. ಕೋರ್ಟಿನಿಂದ ಬಂದ ದಿನ ಊಟಕ್ಕೆ ಕೂತಾಗ ಮೆಕ್ಕೆಜೋಳದ ರೊಟ್ಟಿಯ ತಟ್ಟೆಯನ್ನು ಮುಂದೆ ತಳ್ಳಿ, "ಇನ್ನೊಂದು ತಗೊಳ್ಳಿ" ಎಂದಳು. ಯಾರಾದರೂ ಬಂದರೇನೋ ಎಂದು ಬಾಗಿಲ ಕಡೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಅಂದಿನಿಂದ ಅವಳು ನನ್ನನ್ನು 'ನೀವು' ಎಂದೇ ಕರೆಯುತ್ತಾಳೆ.